ಒತ್ತಕ್ಷರಕ್ಕೆ ಎಷ್ಟು ಫ್ರೇಮು?

ಟ್ರೇಲರ್‌ನಲ್ಲಿ ಸಿನಿಮಾದ ಹೆಸರು ಬರುವ ಹೊತ್ತಿಗೆ ನೋಡುವವರ ಹೆಬ್ಬೆರಳು ಆಗಲೇ ಮುಂದಿನ ವಿಡಿಯೋ ಕಡೆ ಹೊರಟಿರುತ್ತದೆ. ಅದನ್ನು ಇನ್ನೆರಡು ಸೆಕೆಂಡ್ ತಡೆದು ನಿಲ್ಲಿಸುವುದು ಟೈಟಲ್‌ನ ಕೆಲಸ. ದೊಡ್ಡ ಸಿನಿಮಾಗಳಿಗೆ ಈ ಚಿಂತೆ ಕಡಿಮೆ. ಹೀರೋ ಮುಖ ಕಂಡರೆ ಸಾಕು, ಹೆಸರನ್ನು ಜನ ಮೊದಲೇ ಬಾಯಿಪಾಠ ಮಾಡಿಕೊಂಡಿರುತ್ತಾರೆ. ಕಾಲೇಜು ಹುಡುಗರ 14 ನಿಮಿಷದ ಕಿರುಚಿತ್ರಕ್ಕೆ ಆ ಭಾಗ್ಯ ಇಲ್ಲ. ನಟಿಸಿದವರು ಯಾರಿಗೂ ಗೊತ್ತಿಲ್ಲ, ತೆಗೆದವರೂ ಗೊತ್ತಿಲ್ಲ. ನೆನಪಿನಲ್ಲಿ ಉಳಿಯಬೇಕಾದ್ದು ಹೆಸರೊಂದೇ.

ಹೊಟ್ಟೆಪಾಡಿಗೆ ನಾನು ಮಾಡುವುದು ಕಂಪನಿ ವಿಡಿಯೋಗಳಲ್ಲಿ ಅಕ್ಷರ ಓಡಾಡಿಸುವ ಕೆಲಸ. ಲೋಗೋ ತಿರುಗಿಸು, ಅಂಕಿ ಏರಿಸು, ಬಾಣ ಹಾರಿಸು. ಬಹುಪಾಲು ಇಂಗ್ಲಿಷ್. ಹೀಗಿರುವಾಗ ಅಕ್ಕನ ಮಗಳು ಫೋನ್ ಮಾಡಿ, "ಮಾಮಾ, ನಮ್ ಫಿಲ್ಮ್‌ಗೆ ಟ್ರೇಲರ್ ಕಟ್ ಮಾಡ್ತಿದೀವಿ. ಟೈಟಲ್ ಅನಿಮೇಟ್ ಮಾಡೋದು ಹೇಳ್ಕೊಡ್ತೀಯಾ?" ಅಂದಳು. ಚಿತ್ರದ ಹೆಸರು 'ಖರ್ಚಿಗೆ ದುಡ್ಡು'. ತೊಂಬತ್ತರ ದಶಕದ ಒಬ್ಬ ಹಾಸ್ಟೆಲ್ ಹುಡುಗ, ಊರಿನಿಂದ ಅಪ್ಪ ಕಳಿಸಬೇಕಾದ ಮನಿಯಾರ್ಡರು, ದಿನಾ ಬಂದು ತಲೆ ಅಲ್ಲಾಡಿಸಿ ಹೋಗುವ ಪೋಸ್ಟ್‌ಮ್ಯಾನ್. ಕಥೆ ಇಷ್ಟೇ. ಹೆಸರು ಕೇಳಿದ ತಕ್ಷಣ ನನಗೆ ಹಿಡಿಸಿತು, ಜೊತೆಗೆ ಸ್ವಲ್ಪ ಭಯವೂ ಆಯಿತು. ಒಂದು ಅರ್ಕಾವೊತ್ತು, ಒಂದು ಗುಡಿಸು, ಒಂದು ಎತ್ವ, ಎರಡು ಕೊಂಬು, ಒಂದು ಒತ್ತು. ಕನ್ನಡ ಲಿಪಿ ಒಬ್ಬ ಅನಿಮೇಟರ್‌ಗೆ ಏನೇನು ಕಾಟ ಕೊಡಬಹುದೋ ಅಷ್ಟೂ ಎರಡೇ ಪದಗಳಲ್ಲಿ ಬಂದು ಕೂತಿದೆ.

ಹುಡುಗರು ಬರುವಾಗಲೇ ಮಾದರಿಗಳನ್ನು ಹಿಡಿದುಕೊಂಡು ಬಂದಿದ್ದರು. ಮೊದಲನೆಯದು ಊಹಿಸಿಯೇ ಇದ್ದೆ: 'ಸ್ಟ್ರೇಂಜರ್ ಥಿಂಗ್ಸ್'. 2016ರಲ್ಲಿ ಆ ಸರಣಿ ಬಂದಾಗಿನಿಂದ ಕಾಲೇಜು ಟ್ರೇಲರ್‌ಗಳಲ್ಲಿ ಅರ್ಧದಷ್ಟು ಕೆಂಪಗೆ ಹೊಳೆಯುವ ಅಕ್ಷರಗಳೇ. ಇಮ್ಯಾಜಿನರಿ ಫೋರ್ಸಸ್ ಅನ್ನುವ ಸ್ಟುಡಿಯೋ ಮಾಡಿದ್ದು, ಅಕ್ಷರಗಳು ಐಟಿಸಿ ಬೆಂಗ್ವಿಯಾಟ್ ಅನ್ನುವ ಫಾಂಟಿನವು. ಅಲ್ಲಿ ನಡೆಯುವುದು ಇಷ್ಟೇ: ಅಕ್ಷರಗಳನ್ನು ಪರದೆ ತುಂಬುವಷ್ಟು ದೊಡ್ಡದು ಮಾಡಿ, ತುಂಡು ತುಂಡಾಗಿ ನಿಧಾನಕ್ಕೆ ಸರಿಸುತ್ತಾರೆ. ಯಾವ ಅಕ್ಷರ ಅಂತ ಗೊತ್ತಾಗುವುದಿಲ್ಲ. ಕೊನೆಗೆ ಎಲ್ಲ ಹಿಂದಕ್ಕೆ ಹೋಗಿ ಒಂದಕ್ಕೊಂದು ಕೂಡಿಕೊಂಡಾಗ ಹೆಸರು ಕಾಣುತ್ತದೆ. ಇದಕ್ಕೂ ಒಬ್ಬ ಅಜ್ಜ ಇದ್ದಾನೆ. 1979ರ 'ಏಲಿಯನ್' ಚಿತ್ರದ ಟೈಟಲ್‌ನಲ್ಲಿ ಕಪ್ಪು ಆಕಾಶದ ಮೇಲೆ ಬಿಳಿ ಗೀಟುಗಳು ಒಂದೊಂದಾಗಿ ಮೂಡುತ್ತಾ ಹೋಗುತ್ತವೆ, ತುಂಬಾ ಹೊತ್ತಿನ ಮೇಲೆ ಆ ಗೀಟುಗಳೇ ಹೆಸರು ಅಂತ ಹೊಳೆಯುತ್ತದೆ. ರಿಚರ್ಡ್ ಗ್ರೀನ್‌ಬರ್ಗ್ ಮಾಡಿದ್ದು. ಆ ಹೆಸರಿನ ಐದು ಇಂಗ್ಲಿಷ್ ಅಕ್ಷರಗಳಲ್ಲಿ ಒಂದೂ ಬಾಗಿದ ಗೆರೆ ಇಲ್ಲ, ಎಲ್ಲ ನೆಟ್ಟಗಿನವು, ಇಲ್ಲವೇ ಓರೆಯವು. ಹಾಗಾಗಿ ಅದು ನಡೆಯಿತು.

"ಹಂಗಾದ್ರೆ ಕನ್ನಡದಲ್ಲಿ ಆಗಲ್ವಾ ಸರ್?" ಅಂತ ಚಿತ್ರದ ನಿರ್ದೇಶಕ ಕೇಳಿದ. ಹುಡುಗ ಇಪ್ಪತ್ತರ ಆಸುಪಾಸು, ಕಣ್ಣಿನ ಕೆಳಗೆ ಎಡಿಟಿಂಗ್ ಕಪ್ಪು.

ಆಗುತ್ತದೆ, ಇನ್ನೂ ಚೆನ್ನಾಗಿ ಆಗುತ್ತದೆ. ನಮ್ಮ ಅಕ್ಷರಗಳ ಒಡಲು ಒಂದನ್ನೊಂದು ಹೋಲುತ್ತದೆ, ಗುರುತು ಇರುವುದು ಸಣ್ಣ ಸಣ್ಣ ಕಡೆ. 'ರ'ದ ಹೊಟ್ಟೆಯಲ್ಲಿ ಚುಕ್ಕೆ ಇಟ್ಟರೆ 'ಠ'. 'ಪ'ದ ಒಳಗೆ ಒಂದು ಗೀಟು ಎಳೆದರೆ 'ಷ'. 'ದ'ದ ಕೆಳಗೆ ಸೀಳಿದರೆ 'ಧ', ಅದರೊಳಗೆ ಚುಕ್ಕೆ ಸೇರಿದರೆ 'ಥ'. ಅಂದರೆ ಮೊದಲು ಒಡಲು ಮಾತ್ರ ತೋರಿಸಿ ನೋಡುವವನನ್ನು ಕಾಯಿಸಬಹುದು, ಚುಕ್ಕೆಯೋ ಸೀಳೋ ತಲಕಟ್ಟೋ ಕೊನೆಗೆ ಬಂದು ಬೀಳಬಹುದು. ಇಂಗ್ಲಿಷ್‌ನವರಿಗೆ ಇಷ್ಟು ಸಾಮಾನು ಸಿಗುವುದಿಲ್ಲ. ಆದರೆ ಇದನ್ನು ಮಾಡಲು ತಂತ್ರಾಂಶದ ರೆಡಿಮೇಡ್ ಗುಂಡಿಗಳನ್ನು ಒತ್ತಿದರೆ ಆಗಲ್ಲ. ತೊಂದರೆ ಶುರುವಾಗುವುದೇ ಅಲ್ಲಿ.

ಎಲ್ಲರೂ ಮೊದಲು ಒತ್ತುವುದು ಟೈಪ್‌ರೈಟರ್ ಎಫೆಕ್ಟ್. ಅಕ್ಷರಗಳು ಟಕ್ ಟಕ್ ಅಂತ ಒಂದಾದ ಮೇಲೊಂದು ಬರುತ್ತವಲ್ಲ, ಅದು. ನಮ್ಮ ಹೆಸರಿಗೆ ಹಾಕಿ, ಒಂದೊಂದೇ ಫ್ರೇಮ್ ಮುಂದೆ ಸರಿಸಿ ತೋರಿಸಿದೆ. ಮೊದಲು 'ಖ' ಬರುತ್ತದೆ. ಸರಿ. ಆಮೇಲೆ 'ಖರ'. ಆಮೇಲೆ 'ಖರ್', ಅಂದರೆ ರ-ದ ತಲೆ ಮೇಲೆ ಒಂದು ಬಾಲ ಏಳುತ್ತದೆ. ಮುಂದಿನ ಹೆಜ್ಜೆಗೆ 'ಖರ್ಚ'. ಇಲ್ಲಿ ಏನಾಯಿತು ನೋಡಿ. ಈಗಷ್ಟೇ ಕಂಡ ರ ಮಾಯ! ಅದು ಕೂತಿದ್ದ ಜಾಗಕ್ಕೆ ಚ ಬಂತು, ರ ಅರ್ಕಾವೊತ್ತಾಗಿ ಚ-ದ ಬಲಕ್ಕೆ ಹಾರಿತು. ಮತ್ತೆ ಗುಡಿಸು ಬಂದಾಗ ಚ-ದ ತಲಕಟ್ಟು ಹೋಗಿ 'ಚಿ' ಆಯಿತು. ಎರಡನೇ ಪದದಲ್ಲೂ ಇದೇ ಕಥೆ: 'ದುಡ', 'ದುಡ್', 'ದುಡ್ಡ', 'ದುಡ್ಡು'. ಬಾಲ ಬಂತು, ಬಾಲ ಹೋಯಿತು, ಕೆಳಗೆ ಒತ್ತು ಬಂತು, ಪಕ್ಕದಲ್ಲಿ ಕೊಂಬು ಬಂತು. ವೇಗವಾಗಿ ಓಡಿಸಿದರೆ ಹೆಸರು ಮೂಡಿದ ಹಾಗೆ ಕಾಣುವುದಿಲ್ಲ, ವೋಲ್ಟೇಜ್ ಕಮ್ಮಿ ಇರುವ ಟ್ಯೂಬ್‌ಲೈಟ್ ಹಾಗೆ ಮಿಣಮಿಣ ಅನ್ನುತ್ತದೆ.

ಕಾರಣ ಸರಳ. ಕಂಪ್ಯೂಟರು ಪ್ರತಿ ಲಿಪಿಯನ್ನೂ ಸಂಕೇತಗಳಾಗಿ ಇಟ್ಟುಕೊಳ್ಳುವ ಪದ್ಧತಿಗೆ ಯೂನಿಕೋಡ್ ಅಂತ ಹೆಸರು. ಯೂನಿಕೋಡ್‌ನಲ್ಲಿ 'ಖರ್ಚಿಗೆ ದುಡ್ಡು' ಅನ್ನುವುದು, ನಡುವಿನ ಖಾಲಿ ಜಾಗ ಬಿಟ್ಟು, 13 ಸಂಕೇತಗಳ ಸಾಲು. ನಮ್ಮ ಕಣ್ಣಿಗೆ ಅದು ಐದೇ ಅಕ್ಷರ: ಖ, ರ್ಚಿ, ಗೆ, ದು, ಡ್ಡು. ಸಂಕೇತಗಳನ್ನು ಇಟ್ಟಿರುವುದು ಉಚ್ಚಾರಣೆಯ ಕ್ರಮದಲ್ಲಿ, ಆದ್ದರಿಂದ ರ ಮೊದಲು, ಚ ಆಮೇಲೆ. ಪರದೆ ಮೇಲೆ ಅವನ್ನು ಹೇಗೆ ಜೋಡಿಸಬೇಕು ಅನ್ನುವುದು ಫಾಂಟ್ ಮತ್ತು ಅದನ್ನು ಓದುವ ತಂತ್ರಾಂಶದ ತಲೆನೋವು. ಅನಿಮೇಷನ್ ಗುಂಡಿ ಬರೆದವನು ಒಂದು ಸಂಕೇತ ಅಂದರೆ ಒಂದು ಅಕ್ಷರ ಅಂದುಕೊಂಡಿದ್ದಾನೆ. ಅವನ ಊರಲ್ಲಿ ಅದು ನಿಜವೇ.

ಸ್ವಲ್ಪ ಕೋಡ್ ಬಲ್ಲವರು, "ಹಾಗಾದರೆ ಒಂದು ಸ್ಕ್ರಿಪ್ಟ್ ಬರೆದು ಅಕ್ಷರ ಅಕ್ಷರವಾಗಿ ಒಡೆದರಾಯಿತು" ಅನ್ನುತ್ತಾರೆ. ಅಲ್ಲೂ ಒಂದು ತೊಡಕು ಇದೆ. ಪಠ್ಯವನ್ನು ಎಲ್ಲೆಲ್ಲಿ ಒಡೆಯಬಹುದು ಅಂತ ಯೂನಿಕೋಡ್‌ನವರದೇ ನಿಯಮಗಳಿವೆ. ಒತ್ತಕ್ಷರವನ್ನು ಮಧ್ಯದಲ್ಲಿ ಒಡೆಯಬೇಡಿ ಅನ್ನುವ ನಿಯಮ ಭಾರತೀಯ ಲಿಪಿಗಳಿಗೆ ಸೇರಿದ್ದು 2023ರಲ್ಲಿ, 15.1 ಆವೃತ್ತಿಯಲ್ಲಿ. ಅದರಲ್ಲಿ ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಇದ್ದವು. ಕನ್ನಡ ಇರಲಿಲ್ಲ. ಪಕ್ಕದ ಮನೆ ತೆಲುಗಿಗೆ ಇರುವ ನಿಯಮ ನಮಗಿಲ್ಲ! ಆ ನಿಯಮವನ್ನೇ ನಂಬಿದ ಸ್ಕ್ರಿಪ್ಟ್ ನಮ್ಮ 'ಡ್ಡು'ವನ್ನು 'ಡ್' ಮತ್ತು 'ಡು' ಅಂತ ಎರಡು ಮಾಡಿ ಕೈಗಿಡುತ್ತದೆ. ಐದು ಅಕ್ಷರದ ಹೆಸರಿಗೆ ಇಷ್ಟೆಲ್ಲ ಯಾಕೆ, ಕೈಯಲ್ಲೇ ಒಡೆಯೋಣ ಅಂತ ಹುಡುಗರಿಗೆ ಹೇಳಿದೆ.

ಕೈಯಲ್ಲಿ ಒಡೆಯುವ ದಾರಿ ಹೀಗೆ. ಆಫ್ಟರ್ ಎಫೆಕ್ಟ್ಸ್ ಅನ್ನುವ ಅನಿಮೇಷನ್ ತಂತ್ರಾಂಶದ ಹಳೆಯ ಆವೃತ್ತಿ ಇರುವವರು ಮೊದಲು ಪ್ರಿಫರೆನ್ಸಸ್‌ನ ಟೈಪ್ ವಿಭಾಗಕ್ಕೆ ಹೋಗಿ ದಕ್ಷಿಣ ಏಷ್ಯಾ ಭಾಷೆಗಳ ಆಯ್ಕೆ ಹಾಕಬೇಕು. ಇಲ್ಲದಿದ್ದರೆ ಒತ್ತು ಒಂದು ಕಡೆ, ಅಕ್ಷರ ಒಂದು ಕಡೆ. ಟೆಕ್ಸ್ಟ್ ಅನಿಮೇಟರ್‌ನಲ್ಲಿ ಕ್ಯಾರೆಕ್ಟರ್ ಬದಲು ವರ್ಡ್ಸ್ ಅಂತ ಹಾಕಿದರೆ ಇಡೀ ಪದ ಒಟ್ಟಿಗೆ ಚಲಿಸುತ್ತದೆ, ತೊಂದರೆ ಇಲ್ಲ. ಟ್ರೇಲರ್ ನಡುವಿನ ಸಣ್ಣಪುಟ್ಟ ಬರಹದ ಕಾರ್ಡುಗಳಿಗೆ ಅಷ್ಟು ಸಾಕು. ಈ ಹುಡುಗರ ಹತ್ತಿರ ಇದ್ದದ್ದು ದುಡ್ಡು ಕೊಡಬೇಕಾಗಿಲ್ಲದ ಬ್ಲೆಂಡರ್ ಅನ್ನುವ ಅನಿಮೇಷನ್ ತಂತ್ರಾಂಶ. ಬ್ಲೆಂಡರ್‌ನ ಟೆಕ್ಸ್ಟ್‌ನಲ್ಲಿ ನೇರವಾಗಿ ಕನ್ನಡ ಹಾಕಿದರೆ ಒತ್ತಕ್ಷರ ಕೂಡಿಕೊಳ್ಳುವುದಿಲ್ಲ. ಅದಕ್ಕೆ ಇಂಕ್‌ಸ್ಕೇಪ್ ಅನ್ನುವ ಚಿತ್ರ ಬಿಡಿಸುವ ತಂತ್ರಾಂಶದ ಮೂಲಕ ಹೋಗಬೇಕು. ಅದೂ ಉಚಿತ, ಕನ್ನಡವನ್ನು ಸರಿಯಾಗಿ ಜೋಡಿಸುತ್ತದೆ. ಅಲ್ಲಿ ಹೆಸರು ಬರೆದು, ಪಾತ್, ಅಂದರೆ ಬರೀ ಗೆರೆಗಳ ಆಕಾರ, ಮಾಡಿ, ಗುಂಪು ಬಿಡಿಸಿದರೆ ತುಂಡುಗಳು ಕೈಗೆ ಸಿಗುತ್ತವೆ. ಒತ್ತು ಬೇರೆ, ಅರ್ಕಾವೊತ್ತು ಬೇರೆ. ಯಾವುದು ಯಾವುದರ ಜೊತೆ ಹೋಗಬೇಕೋ ಹಾಗೆ ಐದು ಗುಂಪು ಮಾಡಿ, ಎಸ್‌ವಿಜಿ ಫೈಲ್ ಆಗಿ ಉಳಿಸಿ, ಬ್ಲೆಂಡರ್‌ಗೆ ತರಬೇಕು. ತಂದ ಮೇಲೆ ಏನೂ ಕಾಣುವುದಿಲ್ಲ. ಗಾಬರಿ ಬೇಡ, ಇರುವೆಯಷ್ಟು ಸಣ್ಣದಾಗಿ ಬಂದಿರುತ್ತದೆ, ಹಿಗ್ಗಿಸಿ.

ಇನ್ನೊಂದು ದಾರಿಯೂ ಇದೆ, ಹಳೆಯದು. ನುಡಿ. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದ ಹಳೆಯ, ಯೂನಿಕೋಡ್ ಅಲ್ಲದ ಫಾಂಟ್‌ಗಳು ಇವತ್ತಿಗೂ ಡಿಟಿಪಿ ಅಂಗಡಿಗಳಲ್ಲಿ, ಫ್ಲೆಕ್ಸ್ ಮಾಡುವವರ ಹತ್ತಿರ ಜೀವಂತವಾಗಿವೆ. ಅವುಗಳ ಒಳಗೆ ಕನ್ನಡ ಅಕ್ಷರಗಳು ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಬಾಡಿಗೆಗೆ ಇರುತ್ತವೆ. ಇಂಗ್ಲಿಷ್‌ನ ದೊಡ್ಡ 'ಪಿ' ಮನೆಯಲ್ಲಿ ತಲಕಟ್ಟಿಲ್ಲದ ಬೋಳು 'ಕ' ಇದೆ, ತಲಕಟ್ಟಿಗೆ ಇನ್ನೊಂದು ಮನೆ. 'ಕನ್ನಡ' ಅಂತ ಬರೆದರೆ ಏಳು ತುಂಡು: ಮೂರು ಬೋಳು ಒಡಲು, ಮೂರು ತಲಕಟ್ಟು, ಒಂದು ನ-ಒತ್ತು. ಹುಡುಕಲು, ನಕಲು ಮಾಡಲು, ವೆಬ್‌ನಲ್ಲಿ ಹಾಕಲು ಇದು ಮಹಾ ಕಿರಿಕಿರಿ. ನಾನೇ ಎಷ್ಟು ಬೈದಿದ್ದೇನೋ. ಆದರೆ ಅನಿಮೇಟರ್‌ಗೆ ಮಾತ್ರ ಹಬ್ಬ. ತಲಕಟ್ಟು ತಾನಾಗಿಯೇ ಬೇರೆ ತುಂಡಾಗಿ ಸಿಗುತ್ತದೆ. ಬೋಳು ಒಡಲುಗಳನ್ನು ಮೊದಲು ತಂದು ನಿಲ್ಲಿಸಿ, ತಲಕಟ್ಟುಗಳನ್ನು ಮೇಲಿನಿಂದ ಒಟ್ಟಿಗೆ ಇಳಿಸಬಹುದು. ಯೂನಿಕೋಡ್ ಫಾಂಟ್‌ನಲ್ಲಿ 'ಕ' ಒಂದೇ ತುಂಡಾಗಿ ಬರುವುದರಿಂದ ಅದನ್ನು ನಾವೇ ಕತ್ತರಿಸಬೇಕು. ನಮ್ಮ ಹೆಸರಿನಲ್ಲಿ 'ಖ'ಕ್ಕೆ ತಲಕಟ್ಟೇ ಇಲ್ಲ, 'ಚಿ'ಯಲ್ಲಿ ಗುಡಿಸು ಅದನ್ನು ತಿಂದುಹಾಕಿದೆ, 'ಗೆ'ಯಲ್ಲಿ ಎತ್ವ ತಿಂದಿದೆ. ಉಳಿದದ್ದು ದು ಮತ್ತು ಡ್ಡು ಮೇಲೆ ಎರಡೇ. ಹಾಗಾಗಿ ಈ ಉಪಾಯ ಇಲ್ಲಿ ಅಷ್ಟು ದಕ್ಕಲಿಲ್ಲ. ನಿಮ್ಮ ಸಿನಿಮಾ ಹೆಸರು 'ನಗರ', 'ಕನಕ', 'ಕಥನ' ಅಂತೇನಾದರೂ ಇದ್ದರೆ ನೋಡಿ.

ಫಾಂಟ್ ಬಗ್ಗೆ ಹುಡುಗರ ನಡುವೆ ದೊಡ್ಡ ಜಗಳವೇ ಆಯಿತು. ಒಬ್ಬಳಿಗೆ ಬಾಲೂ ತಮ್ಮ ಬೇಕು, ದುಂಡಗೆ ಮುದ್ದಾಗಿದೆ ಅಂತ. ಇನ್ನೊಬ್ಬನಿಗೆ ಅನೇಕ್ ಕನ್ನಡ, ಒಂದೇ ಫಾಂಟ್‌ನಲ್ಲಿ ತೆಳು-ದಪ್ಪ, ಸಣ್ಣ-ಅಗಲ ಎಲ್ಲ ಹಿಗ್ಗಿಸಬಹುದು ಅಂತ. ಎರಡೂ ಏಕ್ ಟೈಪ್ ಅನ್ನುವ ಫಾಂಟ್ ಸಂಸ್ಥೆಯವು, ಗೂಗಲ್ ಫಾಂಟ್ಸ್‌ನಲ್ಲಿ ಸಿಗುತ್ತವೆ, ಲೈಸೆನ್ಸ್ ಮುಕ್ತ. ಚಿತ್ರ ಮುಂದೆ ಎಲ್ಲಾದರೂ ದುಡ್ಡಿಗೆ ಮಾರಾಟವಾದರೂ ಯಾರಿಗೂ ಏನೂ ಕೊಡಬೇಕಾಗಿಲ್ಲ. ಯಾವುದೋ ಫೋಲ್ಡರಲ್ಲಿ ಸಿಕ್ಕಿದ ಫಾಂಟ್ ಹಾಕಿಕೊಂಡು ಆಮೇಲೆ ಪರದಾಡುವುದಕ್ಕಿಂತ ಇದು ವಾಸಿ. ಆದರೆ ಎರಡೂ ತುಂಬಾ ನೀಟು. ತೊಂಬತ್ತರ ದಶಕದ ಹಾಸ್ಟೆಲ್ಲಿಗೆ ಇಸ್ತ್ರಿ ಹಾಕಿದ ಅಕ್ಷರ ಯಾಕೋ ಹೊಂದಲಿಲ್ಲ.

ಆಗ ನಿರ್ದೇಶಕ ಹುಡುಗ ತನ್ನ ಅಮ್ಮನ ಉದ್ರಿ ಪುಸ್ತಕದ ಫೋಟೋ ತೋರಿಸಿದ. ಅವರದು ಒಂದು ದಿನಸಿ ಅಂಗಡಿ. ಉದ್ದನೆಯ ರೂಲ್ ಹಾಕಿದ ಪುಸ್ತಕ, ನೀಲಿ ಬಾಲ್‌ಪೆನ್ನು, ಬಲಗಡೆ ಕೆಂಪು ಗೀಟಿನ ಆಚೆ ರೂಪಾಯಿ ಪೈಸೆ. 'ಸಕ್ಕರೆ 1 ಕೆಜಿ', 'ಕೊಬ್ಬರಿ ಎಣ್ಣೆ', 'ಹಳೇ ಬಾಕಿ'. ಅಕ್ಷರ ಅವಸರದ್ದು, ಮುಂದಕ್ಕೆ ಬಾಗಿದೆ. ತಲಕಟ್ಟು ಅರ್ಧ ಇದೆ, ಅರ್ಧ ಗಾಳಿಯಲ್ಲಿ. ಒತ್ತುಗಳು ಮಾತ್ರ ಉದ್ದಕ್ಕೆ ಎಳೆದು ಕೆಳಗಿನ ಸಾಲಿಗೆ ಮುಟ್ಟಿವೆ. ಎಲ್ಲರೂ ಒಂದೇ ಸಲ "ಇದೇ" ಅಂದರು.

ಅಂಗಡಿಗೆ ಹೋಗಿ ಆಕೆಯ ಕೈಯಲ್ಲೇ ಬರೆಸಿದೆವು. ಮೇಲಿನಿಂದ ಫೋನ್ ಹಿಡಿದು, ಬರೆಯುವುದನ್ನು ವಿಡಿಯೋ ಮಾಡುತ್ತಾ. "ಅಯ್ಯೋ, ಈ ಕಾಗೆ ಕಾಲು ಗುಬ್ಬಿ ಕಾಲನ್ನ ಸಿನಿಮಾಕ್ಕೆ ಹಾಕ್ತೀರೇನ್ರೀ?" ಅಂತ ಆಕೆ.

"ಹೆಂಗೆ ಬರೀತೀರೋ ಹಂಗೇ ಬರೀರಿ ಅಕ್ಕಾ. ಚೆಂದ ಮಾಡೋಕೆ ಹೋಗ್ಬೇಡಿ" ಅಂದೆ. ಮೊದಲ ಸಲ ಚೆಂದವಾಗಿಯೇ ಬರೆದರು, ಮದುವೆ ಪತ್ರಿಕೆ ಥರ. ಅಷ್ಟರಲ್ಲಿ ಯಾರೋ ಕಾಲು ಕೆಜಿ ತೊಗರಿಬೇಳೆ ಕೇಳಿಕೊಂಡು ಬಂದರು. ಅವರಿಗೆ ಕಟ್ಟಿಕೊಡುತ್ತಾ ನಡುವೆ ಗೀಚಿಕೊಟ್ಟರಲ್ಲ, ಅದು ನಮಗೆ ಬೇಕಾದ್ದಾಗಿತ್ತು.

ಆ ವಿಡಿಯೋವನ್ನು ಆಮೇಲೆ ನಿಧಾನಕ್ಕೆ ಓಡಿಸಿ ನೋಡಿದೆವು. ಪೆನ್ನು 'ಖ' ಬರೆಯುತ್ತದೆ. ನೇರ 'ಚಿ'ಗೆ ಹೋಗುತ್ತದೆ. ಆಮೇಲೆ ಅರ್ಕಾವೊತ್ತು, ಒಂದೇ ಎಳೆತಕ್ಕೆ. ಆಮೇಲೆ 'ಗೆ'. ಯೂನಿಕೋಡ್ ರ-ವನ್ನು ಮೊದಲು ಇಟ್ಟುಕೊಂಡಿದೆ, ಕಿವಿಯೂ ರ-ವನ್ನೇ ಮೊದಲು ಕೇಳುತ್ತದೆ, ಕೈ ಮಾತ್ರ ಅದನ್ನು ಕೊನೆಗೆ ಇಡುತ್ತದೆ. 'ದು'ವಿನಲ್ಲಿ ಒಡಲು ಮೊದಲು, ತಲಕಟ್ಟಿನಿಂದ ಪೆನ್ನು ಎತ್ತದೆ ಕೊಂಬಿಗೆ ಇಳಿಯಿತು. 'ಡ್ಡು'ವಿನಲ್ಲಿ ಡ, ತಲಕಟ್ಟು, ಕೊಂಬು ಎಲ್ಲ ಮುಗಿಸಿ, ಪೆನ್ನು ಹಿಂದಕ್ಕೆ ಬಂದು ಕೆಳಗೆ ಒತ್ತು ಹಾಕಿತು. ಕಣ್ಣು ಹಿಂಬಾಲಿಸುವುದು ಕೈಯನ್ನು. ಹಾಗಾಗಿ ಅನಿಮೇಷನ್‌ನಲ್ಲೂ ಕೈಯ ಕ್ರಮವೇ ಇರಲಿ ಅಂತ ತೀರ್ಮಾನವಾಯಿತು. ನಾವು ಚಿಕ್ಕಂದಿನಲ್ಲಿ ಸ್ಲೇಟಿನ ಮೇಲೆ ಅಕ್ಷರ ತಿದ್ದಿದವರು ತಾನೇ? ಕ್ರಮ ತಪ್ಪಿದರೆ ನೋಡುವವನಿಗೆ ಏನು ತಪ್ಪಿತು ಅಂತ ಹೇಳಲು ಬರದಿದ್ದರೂ ಎಲ್ಲೋ ಇರುಸುಮುರುಸು ಆಗುತ್ತದೆ.

ಮಾಡುವ ವಿಧಾನ ಕಷ್ಟದ್ದಲ್ಲ, ತಾಳ್ಮೆಯದ್ದು. ಸ್ಕ್ಯಾನ್ ಮಾಡಿದ ಬರಹದ ಮೇಲೆ, ಪೆನ್ನು ಹೋದ ದಾರಿಯಲ್ಲೇ, ಒಂದು ದಪ್ಪ ಗೆರೆ ಎಳೆಯಬೇಕು. ಆ ಗೆರೆ ಬೆಳೆದಷ್ಟೂ ಕೆಳಗಿನ ನಿಜವಾದ ಶಾಯಿ ಕಾಣುವ ಹಾಗೆ ಅದನ್ನು ಮಾಸ್ಕ್ ಮಾಡಬೇಕು. ಒಂದು ಎಚ್ಚರಿಕೆ: 'ಖ'ದಲ್ಲಿ ಗೆರೆ ತನ್ನನ್ನು ತಾನೇ ದಾಟುವ ಕಡೆ ದಪ್ಪ ಮಾಸ್ಕು ಮುಂದೆ ಬರಬೇಕಾದ ಶಾಯಿಯನ್ನೂ ಮೊದಲೇ ತೋರಿಸಿಬಿಡುತ್ತದೆ. ಅಲ್ಲಿ ಅಕ್ಷರವನ್ನು ಎರಡು ತುಂಡು ಮಾಡಿ, ಒಂದೊಂದಕ್ಕೆ ಒಂದೊಂದು ಮಾಸ್ಕ್ ಕೊಡಬೇಕು. ನಮ್ಮ ಲಿಪಿಯಲ್ಲಿ ಸುಳಿಗಳು ಜಾಸ್ತಿ, ಈ ಕೆಲಸವೂ ಜಾಸ್ತಿ.

ಈಗ ವೇಗ. ನಿಜ ಹೇಳಬೇಕೆಂದರೆ ಈ ಬರಹ ಬರೆಯಲು ಕೂತದ್ದೇ ಇದಕ್ಕೆ. ಸೆಕೆಂಡಿಗೆ 24 ಫ್ರೇಮು. ಐದು ಅಕ್ಷರ. ಒಂದೊಂದಕ್ಕೆ ಎಷ್ಟು ಫ್ರೇಮು ಕೊಡುವುದು? ಸಮವಾಗಿ ಹಂಚಿದರೆ ಯಂತ್ರ ಬರೆದ ಹಾಗೆ ಕಾಣುತ್ತದೆ. ವಿಡಿಯೋದಲ್ಲಿ ಆಕೆ ಬರೆದ ವೇಗವನ್ನೇ ಇಟ್ಟರೆ ಅಂಗಡಿಯ ಅವಸರ ಬರುತ್ತದೆ, ಓದಲು ಆಗುವುದಿಲ್ಲ. ನಾನು ಹೆಸರನ್ನು ಮತ್ತೆ ಮತ್ತೆ ಗಟ್ಟಿಯಾಗಿ ಹೇಳುತ್ತಾ ಮೇಜು ಕುಟ್ಟುತ್ತಿದ್ದೆ. ಖರ್-ಚಿ-ಗೆ, ದುಡ್-ಡು. ಆಗ ಅಕ್ಕನ ಮಗಳು, "ಮಾಮಾ, ಪ್ರಸ್ತಾರ ಹಾಕ್ತಿದೀಯಾ?" ಅಂತ ನಕ್ಕಳು. ಹೈಸ್ಕೂಲಲ್ಲಿ ಷಟ್ಪದಿಗೆ ಗುರು-ಲಘು ಹಾಕಿ ಗೆರೆ ಎಳೆಯುತ್ತಿದ್ದೆವಲ್ಲ, ಅದು.

ಸರಿ, ಹಾಕೋಣ ಅಂತ ಹಾಕಿದೆವು. ಒತ್ತಕ್ಷರದ ಹಿಂದಿನ ಅಕ್ಷರ ಗುರು. ಹಾಗಾಗಿ ಖ ಗುರು, ಎರಡು ಮಾತ್ರೆ. ರ್ಚಿ ಲಘು, ಗೆ ಲಘು, ಒಂದೊಂದು ಮಾತ್ರೆ. ದು ಗುರು. ಡ್ಡು ಲಘು. 'ಖರ್ಚಿಗೆ' ನಾಲ್ಕು ಮಾತ್ರೆ, 'ದುಡ್ಡು' ಮೂರು. ಒಂದು ಮಾತ್ರೆಗೆ ನಾಲ್ಕು ಫ್ರೇಮು ಅಂತ ಇಟ್ಟರೆ ಖ-ಕ್ಕೆ 8, ರ್ಚಿಗೆ 4, ಗೆಗೆ 4, ದುಗೆ 8, ಡ್ಡುಗೆ 4. ಒಟ್ಟು 28 ಫ್ರೇಮು, ಒಂದು ಸೆಕೆಂಡಿಗಿಂತ ಸ್ವಲ್ಪ ಹೆಚ್ಚು. ಪಾದದ ಕೊನೆಯ ಲಘುವನ್ನು ಗುರು ಅಂತ ಎಣಿಸಬಹುದು ಅನ್ನುವ ರಿಯಾಯಿತಿ ಛಂದಸ್ಸಿನಲ್ಲೇ ಇದೆ. ಅದನ್ನು ಬಳಸಿಕೊಂಡು ಕೊನೆಯ ಡ್ಡುಗೂ 8 ಕೊಟ್ಟೆವು. ಆಗ 32. ಕೊನೆಯ ಒತ್ತು ಎಳೆಯಲು ಪೆನ್ನಿಗೆ ಪುರುಸೊತ್ತು ಸಿಕ್ಕಿತು.

ಓಡಿಸಿದೆವು. ಹೆಸರು ಮಾತಾಡಿದ ಹಾಗಿತ್ತು. ಹಿನ್ನೆಲೆ ಸಂಗೀತವನ್ನು ಪೂರಾ ನಿಲ್ಲಿಸಿದರೂ ಕಿವಿಯಲ್ಲಿ ಹೆಸರು ಕೇಳಿಸುತ್ತಿತ್ತು. ನನ್ನ ಕೆಲಸದ ಕಾಲವೆಲ್ಲ ಇಂಗ್ಲಿಷ್ ಅಕ್ಷರಗಳಿಗೆ ಸಮ ಅಂತರ ಕೊಟ್ಟು, ಆಮೇಲೆ ಈಸ್-ಇನ್ ಈಸ್-ಔಟ್ ಅಂತ ಚಲನೆಯ ಶುರು, ಕೊನೆ ಎರಡನ್ನೂ ಮೆತ್ತಗೆ ಮಾಡಿ ಬಳುಕಿಸಿ ಜೀವ ಬರಿಸಲು ಒದ್ದಾಡಿದವನು ನಾನು. ಇಲ್ಲಿ ಜೀವ ಮೊದಲೇ ಇತ್ತು. ಯೋಚಿಸಿದರೆ ಆಶ್ಚರ್ಯವೇನಿಲ್ಲ. ನಮ್ಮ ಛಂದಸ್ಸು ಎಣಿಸುವುದೂ ಅಕ್ಷರವನ್ನೇ, ತಂತ್ರಾಂಶ ಎಣಿಸುವ ಸಂಕೇತವನ್ನಲ್ಲ. ಖ, ರ್ಚಿ, ಗೆ, ದು, ಡ್ಡು: ನಾವು ಇಂಕ್‌ಸ್ಕೇಪ್‌ನಲ್ಲಿ ಕಷ್ಟಪಟ್ಟು ಮಾಡಿದ ಐದು ಗುಂಪುಗಳೇ ಪ್ರಸ್ತಾರದ ಐದು ಮನೆಗಳು. ಟೈಪ್‌ರೈಟರ್ ಗುಂಡಿ 13 ಅಂತ ಎಣಿಸಿ ಎಡವಿದ ಜಾಗದಲ್ಲಿ ಹೈಸ್ಕೂಲ್ ಕನ್ನಡ ಮೇಷ್ಟ್ರು ಐದು ಅಂತ ಎಣಿಸಿ ದಾಟಿದ್ದರು. ಇದು ಎಲ್ಲ ಹೆಸರಿಗೂ ನಡೆಯುತ್ತದೆ ಅಂತ ನಾನು ಆಣೆ ಮಾಡಲಾರೆ. ಬರೀ ಲಘುಗಳೇ ಇರುವ ಹೆಸರಿಗೆ ಇದರಿಂದ ಏನೂ ಸಿಗದು, ಎಲ್ಲ ಸಮ ಆಗಿಬಿಡುತ್ತದೆ. ಒತ್ತಕ್ಷರ, ದೀರ್ಘ ಇರುವ ಹೆಸರುಗಳಿಗೆ ಹಾಕಿ ನೋಡಿ.

ರೂಲ್ ಪುಸ್ತಕದ ಗೆರೆಗಳನ್ನೂ ಬಿಡಲಿಲ್ಲ. ಹಿಚ್‌ಕಾಕ್‌ನ 1959ರ 'ನಾರ್ತ್ ಬೈ ನಾರ್ತ್‌ವೆಸ್ಟ್' ಚಿತ್ರದ ಟೈಟಲ್‌ನಲ್ಲಿ ಸಾಲ್ ಬಾಸ್ ಮೊದಲು ಪರದೆ ಮೇಲೆ ಓರೆ ಗೆರೆಗಳ ಜಾಲ ಎಳೆಯುತ್ತಾನೆ. ಹೆಸರುಗಳು ಆ ಗೆರೆಗಳ ಮೇಲೆ ಲಿಫ್ಟಿನ ಹಾಗೆ ಏರಿ ಇಳಿಯುತ್ತವೆ. ಸ್ವಲ್ಪ ಹೊತ್ತಿಗೆ ಆ ಜಾಲವೇ ನ್ಯೂಯಾರ್ಕಿನ ಒಂದು ಗಾಜಿನ ಕಟ್ಟಡದ ಮುಖ ಆಗಿಬಿಡುತ್ತದೆ. ಅಕ್ಷರಗಳು ಯಾಕೆ ಆ ದಿಕ್ಕಿಗೇ ಓಡಿದವು ಅಂತ ಆಮೇಲೆ ಗೊತ್ತಾಗುತ್ತದೆ. ಹುಡುಗರಿಗೆ ಇದನ್ನು ತೋರಿಸಿದ ಮೇಲೆ ಹೊಳೆದದ್ದು: ಟ್ರೇಲರ್‌ನ ಕೊನೆಯ ಶಾಟ್‌ನಲ್ಲಿ ಹಾಸ್ಟೆಲ್ ಹುಡುಗ ಕಿಟಕಿ ಸರಳು ಹಿಡಿದು ನಿಂತಿದ್ದಾನೆ. ಅಡ್ಡ ಸರಳುಗಳು. ಅವೇ ಕರಗಿ ಉದ್ರಿ ಪುಸ್ತಕದ ನೀಲಿ ಗೆರೆಗಳಾಗಲಿ, ಗೆರೆಯ ಮೇಲೆ ಹೆಸರು ಬರಲಿ ಅಂತ. ಐಡಿಯಾ ಅವರದೇ. ನಾನು ಹೇಳಿಕೊಟ್ಟದ್ದು ಸರಳುಗಳ ಅಂತರ ಮತ್ತು ರೂಲಿನ ಅಂತರ ಕೂಡಿಬರುವಂತೆ ಶಾಟನ್ನು ಎಷ್ಟು ಹಿಗ್ಗಿಸಬೇಕು ಅನ್ನುವುದನ್ನು ಮಾತ್ರ.

ಬೂಮ್ ಅನ್ನುವ ಸದ್ದಿನ ಬಗ್ಗೆ ಒಂದು ಮಾತು. ಟೈಟಲ್ ಬಿದ್ದ ಕೂಡಲೇ ಭೂಮಿ ಬಿರಿದ ಹಾಗೆ ಒಂದು ಸದ್ದು ಹಾಕದಿದ್ದರೆ ಟ್ರೇಲರ್ ಅಲ್ಲ ಅಂತ ಈ ತಲೆಮಾರು ನಂಬಿದೆ. ಅಪ್ಪನ ಮನಿಯಾರ್ಡರ್ ಕಥೆಗೂ ಬೂಮ್. ನಾನು ಸುಮ್ನೆ ಅದನ್ನು ಮ್ಯೂಟ್ ಮಾಡಿ, ಅಂಗಡಿ ವಿಡಿಯೋದಲ್ಲಿದ್ದ ಪೆನ್ನಿನ ಕರಕರ ಸದ್ದು ಹಾಕಿ ತೋರಿಸಿದೆ. ಮತಕ್ಕೆ ಹಾಕಿದರು, ಪೆನ್ನು ಗೆದ್ದಿತು.

ಹೆಸರು ಮೂಡಿದ ಮೇಲೆ ಎಷ್ಟು ಹೊತ್ತು ನಿಲ್ಲಬೇಕು? ನಾನು ಪಾಲಿಸುವ ಲೆಕ್ಕ: ಗಟ್ಟಿಯಾಗಿ, ಅವಸರವಿಲ್ಲದೆ, ಎರಡು ಸಲ ಓದಿ ಮುಗಿಸುವಷ್ಟು. ನಾವು ಮಾಡುವವರು ಅದನ್ನು ಅಷ್ಟು ಸಲ ನೋಡಿರುತ್ತೇವೆ, ಅರ್ಧ ಸೆಕೆಂಡೇ ಜಾಸ್ತಿ ಅನ್ನಿಸುತ್ತದೆ. ಮೊದಲ ಸಲ ನೋಡುವವನಿಗೆ ಹಾಗಲ್ಲ. ಅವನು ಕೈಬರಹ ಬಿಡಿಸಿ ಓದಬೇಕು. ಚಲನೆಗೆ 32 ಫ್ರೇಮು ಕೊಟ್ಟೆವು, ನಿಲುಗಡೆಗೆ ಅದರ ಎರಡರಷ್ಟಕ್ಕಿಂತ ಜಾಸ್ತಿ. ಅದಕ್ಕೆ ಬೇಕಾದ ಸಮಯ ಎಲ್ಲಿಂದ ತರುವುದು ಅಂತ ಹುಡುಗರು ತಲೆ ಕೆರೆದುಕೊಂಡರು. ಟ್ರೇಲರ್ ನಡುವಿನ ಕಾರ್ಡುಗಳನ್ನು ತೆಗೆದು ಹಾಕಿ ಅಂದೆ. 'ಒಂದು ಕನಸು...', 'ಒಂದು ಕಾಯುವಿಕೆ...', 'ಒಬ್ಬ ತಂದೆ...'. ಮೂರು ಚುಕ್ಕೆ ಇರುವ ಕಾರ್ಡು ಕಂಡರೆ ನನಗೆ ಮೈ ಉರಿಯುತ್ತದೆ. ಪೋಸ್ಟ್‌ಮ್ಯಾನ್ ತಲೆ ಅಲ್ಲಾಡಿಸಿದ್ದು ಕಂಡಿತಲ್ಲ, ಅದರಲ್ಲಿ ಎಲ್ಲ ಬಂತು.

ರೀಲ್ಸ್‌ಗೆ ನಿಲುವು ಪರದೆಯದ್ದೂ ಒಂದು ಬೇಕಿತ್ತು, 1080ಕ್ಕೆ 1920. ಅಲ್ಲಿ ಹೆಸರು ಎರಡು ಸಾಲಾಗಬೇಕು. ಕನ್ನಡದಲ್ಲಿ ಎರಡು ಸಾಲು ಅಂದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಗುದ್ದುತ್ತದೆ. ಇಂಗ್ಲಿಷ್‌ಗೆ ಹಾಕುವ ಸಾಲಂತರ ಇಲ್ಲಿ ಸಾಲುವುದಿಲ್ಲ. ಅದೃಷ್ಟಕ್ಕೆ 'ಖರ್ಚಿಗೆ' ಅನ್ನುವುದರ ಕೆಳಗೆ ಏನೂ ನೇತಾಡುವುದಿಲ್ಲ, ಅರ್ಕಾವೊತ್ತು ಪಕ್ಕದಲ್ಲಿದೆ. ಒತ್ತು ಇರುವುದು ಕೆಳಗಿನ ಸಾಲಿನಲ್ಲಿ. ಹಾಗಾಗಿ ಎರಡು ಸಾಲನ್ನೂ ಹತ್ತಿರಕ್ಕೆ ತರಲು ಸಾಧ್ಯವಾಯಿತು. ಚಿತ್ರೋತ್ಸವಗಳಿಗೆ ಕಳಿಸುವ ಪ್ರತಿಯಲ್ಲಿ ಹೆಸರಿನ ಕೆಳಗೆ ಇಂಗ್ಲಿಷ್ ಸಬ್‌ಟೈಟಲ್ ಬರುತ್ತದೆ, ಅದು ಈ ಉದ್ದ ಒತ್ತಿನ ಮೇಲೆ ಹತ್ತಿ ಕೂರದ ಹಾಗೆ ಹೆಸರನ್ನು ಮೊದಲೇ ಸ್ವಲ್ಪ ಮೇಲೆ ಇಟ್ಟೆವು. ನೀಲಿ ಗೆರೆಗಳನ್ನೂ ಸ್ವಲ್ಪ ದಪ್ಪ ಮಾಡಬೇಕಾಯಿತು. ಯೂಟ್ಯೂಬ್‌ಗೆ ಏರಿಸಿದ ಮೇಲೆ ತೆಳು ಗೆರೆ ಹಿಂಡಿ ಹೋಗುತ್ತದೆ, ಫೋನ್‌ನಲ್ಲಿ ಕಾಣುವುದೇ ಇಲ್ಲ.

ಈಗ ಅವರು ಕೊನೆಯ ರೋಲಿಂಗ್ ಟೈಟಲ್ ಹಿಡಿದುಕೊಂಡಿದ್ದಾರೆ. ಅದಕ್ಕೂ ಉದ್ರಿ ಪುಸ್ತಕದ ಅಕ್ಷರವೇ ಬೇಕಂತೆ. ಅಷ್ಟು ಹೆಸರು ಬರೆಯಲು ಆಕೆಗೆ ಅಂಗಡಿ ಬಿಟ್ಟು ಬರಲು ಪುರುಸೊತ್ತಿಲ್ಲ. ಹಾಗಾಗಿ ಇಲ್ಲಿಗೆ ಅನೇಕ್ ಕನ್ನಡ ಬಂತು, ಜಗಳದಲ್ಲಿ ಸೋತಿದ್ದವನು ಖುಷಿಯಾದ. ಸಾಲುಗಳು ಮೇಲಕ್ಕೆ ಸರಿಯುವ ವೇಗ ಮಾತ್ರ ಒಂದು ಫ್ರೇಮಿಗೆ ಪೂರ್ಣ ಪಿಕ್ಸೆಲ್‌ನಲ್ಲಿರಲಿ ಅಂತ ಬರೆದು ಕಳಿಸಿದ್ದೇನೆ. ಎರಡು ಅಥವಾ ಮೂರು ಪಿಕ್ಸೆಲ್, ಎರಡೂವರೆ ಬೇಡ. ಅರ್ಧ ಬಂದರೆ ಒತ್ತುಗಳು ನಡುಗುತ್ತವೆ. ವೇಗ ಹಾಗೆ ಕಟ್ಟಿಬಿಟ್ಟರೆ ರೋಲ್ ಹಾಡಿಗಿಂತ ಸ್ವಲ್ಪ ಉದ್ದ ಆಗುತ್ತದೆ, 'ವಿಶೇಷ ಧನ್ಯವಾದಗಳು' ಪಟ್ಟಿಯಿಂದ ಯಾರನ್ನಾದರೂ ತೆಗೆಯಬೇಕು. ಯಾರನ್ನು ಅನ್ನುವುದು ಅವರ ವಾಟ್ಸಾಪ್ ಗುಂಪಿನಲ್ಲಿ ಇನ್ನೂ ತೀರ್ಮಾನವಾಗಿಲ್ಲ.